ಬೆನ್ನ ಹಿಂದಿನ ಗಂಟು

ನಮ್ಮ ಮನೆಯಲ್ಲಿ ಯಾರಾದರೂ ಹಗ್ಗದ ಮೇಲೆ ಇಳಿಯುವ ದಿನ ಕಸ ಗುಡಿಸುವಂತಿಲ್ಲ. ಇಳಿದವರು ನೆಲ ಮುಟ್ಟಿ ಮನೆಗೆ ಬಂದ ಮೇಲೆಯೇ ಪೊರಕೆ ಮುಟ್ಟಬೇಕು. ಸೊಸೆಯಾಗಿ ಬಂದ ಹೊಸದರಲ್ಲಿ ಈ ಮನೆಯ ಶಾಸ್ತ್ರಗಳಲ್ಲಿ ನನಗೆ ಮನಸಾರೆ ಹಿಡಿಸಿದ್ದು ಇದೊಂದೇ. ಸೋಮಾರಿತನಕ್ಕೆ ಇಷ್ಟು ಮರ್ಯಾದೆ ಕೊಟ್ಟ ಮನೆ ಇನ್ನೆಲ್ಲೂ ಇರಲಿಕ್ಕಿಲ್ಲ.

ನಾವು ಎತ್ತರದ ಕಟ್ಟಡಗಳ ಹೊರಗಿನ ಗಾಜು ಒರೆಸುವವರು. ನನ್ನ ಗಂಡನ ತಾತನ ಕಾಲದಿಂದ ಇದೇ ಕಸುಬು. ತಾರಸಿಯ ಅಂಚಿನ ಕೊಕ್ಕೆಗಳ ಮೇಲಿಂದ ಎರಡು ಹಗ್ಗ ಹಾಯಿಸಿ ಒಂದು ಹಲಗೆ ಇಳಿಬಿಡುತ್ತೇವೆ. ಒಬ್ಬರು ಆ ಹಲಗೆಯ ಮೇಲೆ ಕೂತು, ಬಕೆಟ್ಟನ್ನು ಪಕ್ಕಕ್ಕೆ ತೂಗುಹಾಕಿಕೊಂಡು ಗಾಜು ಒರೆಸುತ್ತಾರೆ. ಮೇಲಿದ್ದವರು ಕಂಬಕ್ಕೆ ಸುತ್ತಿದ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ಹೋಗುತ್ತಾರೆ. ಹಲಗೆ ಕೈಕೊಟ್ಟರೆ ಮನುಷ್ಯನನ್ನು ಹಿಡಿದುಕೊಳ್ಳಲು ಕಂಬಕ್ಕೆ ಕಟ್ಟಿದ ಮೂರನೆಯದೊಂದು ಹಗ್ಗ ಇರುತ್ತದೆ. ಅದಕ್ಕೆ ನಾವು ಬೆನ್ನು ಹಗ್ಗ ಎನ್ನುತ್ತೇವೆ. ಸೊಂಟದ ಬೆಲ್ಟಿನ ಉಂಗುರ ಬೆನ್ನ ಕಡೆ ಇರುವುದರಿಂದ ಇಳಿಯುವವರು ಅದನ್ನು ತಾವೇ ಕಟ್ಟಿಕೊಳ್ಳಲು ಆಗುವುದಿಲ್ಲ, ಮನೆಯವರು ಕಟ್ಟಬೇಕು. ಮಾವನವರಿಗೆ ಅತ್ತೆ ಕಟ್ಟಿದರು. ನಾನು ನನ್ನ ಗಂಡನಿಗೆ ಕಟ್ಟಿದೆ. ಹದಿನಾಲ್ಕು ವರ್ಷ ಕಟ್ಟಿದೆ.

ಎಂಟು ವರ್ಷದ ಹಿಂದೆ ಅವರು ಬಿದ್ದರು. ಕೆಲಸ ಮುಗಿಯುತ್ತ ಬಂದಿತ್ತು, ಎರಡನೇ ಅಂತಸ್ತಿನ ಎತ್ತರದಲ್ಲಿದ್ದರು. ತಾರಸಿಯ ಕೊಕ್ಕೆಯೊಂದು ಕಿತ್ತು ಬಂತು, ಹಲಗೆ ಓರೆಯಾಗಿ ಜಾರಿತು. ಕೆಳಗೆ ಹೂವಿನ ಗಿಡಗಳಿಗೆಂದು ಹಾಕಿದ್ದ ಹಸಿಮಣ್ಣು ಇತ್ತು, ಅದಕ್ಕೇ ಬದುಕಿದರು. ಸೊಂಟದ ಮೂಳೆ ಮುರಿಯಿತು. ಈಗ ಕೋಲು ಹಿಡಿದು ಬಚ್ಚಲಿಗೂ ಬಾಗಿಲಿಗೂ ಓಡಾಡುತ್ತಾರೆ. ಬಂದವರೆಲ್ಲ ಕೊಕ್ಕೆಯನ್ನು ಬೈದರು. ಬೆನ್ನು ಹಗ್ಗ ಎಲ್ಲಿ ಹೋಗಿತ್ತು ಎಂದು ಒಬ್ಬರೂ ಕೇಳಲಿಲ್ಲ. ಜನ ಸೇರುವ ಮೊದಲೇ ಅತ್ತೆ ಅದನ್ನು ಸುತ್ತಿ ಒದ್ದೆ ಬಟ್ಟೆಯ ಚೀಲದೊಳಗೆ ಹಾಕಿದ್ದರು.

ಆಮೇಲೆ ನಮ್ಮ ಮನೆಯಿಂದ ಯಾರೂ ಇಳಿಯಲಿಲ್ಲ. ಅತ್ತೆ, ನಾನು ಅಂಗಡಿಗಳ ಬಾಗಿಲು, ಮೆಟ್ಟಿಲ ಪಕ್ಕದ ಗಾಜು, ಕೈಗೆ ಎಟುಕುವುದಷ್ಟೇ ಒರೆಸಿ ಸಂಸಾರ ತೂಗಿಸಿದೆವು. ನೆಲದ ಮೇಲೆ ನಿಂತು ಗಾಜು ಒರೆಸುವುದು ನನಗಂತೂ ಹಾಯಾಗಿತ್ತು. ಅಷ್ಟರಲ್ಲಿ ಮಗಳು ಬೆಳೆದಳು.

ಅವಳನ್ನು ನಾವು ಬೆಕ್ಕು ಎಂದೇ ಕರೆಯುವುದು. ನಡೆಯಲು ಕಲಿಯುವ ಮೊದಲೇ ಹತ್ತಲು ಕಲಿತವಳು. ಮೂರು ವರ್ಷಕ್ಕೆ ಬೀರುವಿನ ಮೇಲೆ ಕೂತು ಅಳದೆ ನಮ್ಮನ್ನು ನೋಡುತ್ತಿದ್ದಳು. ಇಪ್ಪತ್ತೊಂದು ತುಂಬಿದ ದಿನ, "ನಾನು ಇಳೀತೀನಿ, ನಮ್ಮ ಹಳೇ ಕೆಲಸ ವಾಪಸ್ ತಗೋತೀನಿ," ಎಂದಳು. ಏಳು ಅಂತಸ್ತಿನ ಒಂದು ಕಚೇರಿ ಕಟ್ಟಡದವರ ಹತ್ತಿರ ಮಾತಾಡಿಕೊಂಡೂ ಬಂದಿದ್ದಳು. ಬೇಡ ಎಂದೆ, ಗದರಿಸಿದೆ, ಎರಡು ದಿನ ಮಾತು ಬಿಟ್ಟೆ. ಅವಳು ನನ್ನ ಮಗಳೇ ತಾನೇ, ಮೂರನೇ ದಿನ ನಾನೇ ಊಟಕ್ಕೆ ಕರೆಯಬೇಕಾಯಿತು.

ಹೆಣ್ಣು ಇಳಿಯಬಾರದು ಎಂಬ ಶಾಸ್ತ್ರವೊಂದಿತ್ತು. ನಾನು ಅದನ್ನು ನಂಬಿ ಕೂತಿದ್ದೆ. ಅದನ್ನು ಮೊದಲು ಕಿತ್ತೆಸೆದವರು ಅತ್ತೆಯೇ. "ಮನೇಲಿ ಇಳಿಯೋ ಗಂಡಸು ಯಾರಿದಾನೆ? ನಾವೆಲ್ಲ ಹೋದ್ಮೇಲೆ ಗಾಜನ್ನ ಕಾಗೆ ಬಂದು ಒರೆಸುತ್ತಾ?" ಎಂದರು. ಅತ್ತೆಗೆ ಎಪ್ಪತ್ತು ದಾಟಿದೆ. ಮಾತು ಇನ್ನೂ ಚಾಕುವಿನ ಹಾಗೆ ಹರಿತವಾಗಿದೆ.

ಹೀಗೆ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಶಾಸ್ತ್ರಗಳನ್ನು ಆರಿಸಲು ಕೂತೆವು. ಮಗಳಿಗೆ ಯಾವುದನ್ನು ಕೊಡುವುದು, ಯಾವುದನ್ನು ಬಿಡುವುದು. ಮೊದಲ ಕಿಟಕಿಯನ್ನು ಬಟ್ಟೆಯಿಲ್ಲದೆ ಬರಿ ಅಂಗೈಯಲ್ಲಿ ಒರೆಸಬೇಕು ಎಂಬುದಿತ್ತು, ಅದು ಇರಲಿ ಎಂದೆವು. ಎಷ್ಟು ಕಿಟಕಿ ಬಾಕಿ ಇದೆ ಎಂದು ಎಣಿಸಬಾರದು, ಅದೂ ಇರಲಿ, ಎಣಿಸಿದರೆ ಸುಸ್ತಾಗುತ್ತದೆ. ಬೆಳಿಗ್ಗೆ ಎದ್ದವರು ತಾರಸಿ ಹತ್ತುವ ತನಕ ಮಾತಾಡಬಾರದು ಎಂಬುದನ್ನು ಬಿಟ್ಟೆವು. ಬೆಕ್ಕಿಗೆ ಬಾಯಿ ಮುಚ್ಚಿ ಕೂರುವುದಕ್ಕಿಂತ ಏಳನೇ ಅಂತಸ್ತಿನಿಂದ ಜಿಗಿಯುವುದೇ ಸುಲಭ ಎಂದು ಅವಳ ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆಂದರೆ ಕೊನೆಯಲ್ಲಿ ಉಳಿದ ಒಂದು ಶಾಸ್ತ್ರದ ಹೆಸರನ್ನು ಯಾರೂ ಎತ್ತಿರಲಿಲ್ಲ. ಅದು ಇರುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಬೆನ್ನು ಹಗ್ಗ ಕಟ್ಟುವಾಗ ಇಳಿಯುವವರು ಮುಂದೆ ನೋಡುತ್ತ ನಿಲ್ಲಬೇಕು. ಕಟ್ಟುವವರು ಉಂಗುರಕ್ಕೆ ಎರಡು ಸುತ್ತು ಹಾಕಿ ಒಂದು ಸಲ ಜಗ್ಗುತ್ತಾರೆ. ಆಮೇಲೆ ತುದಿಯನ್ನು ಸುತ್ತಿನೊಳಗೆ ತೂರಿಸಿ ಬೀಗ ಹಾಕಿ ಇನ್ನೊಂದು ಸಲ ಜಗ್ಗುತ್ತಾರೆ. "ಕಟ್ಟಾಯ್ತು" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಇಳಿಯುವವರು ತಿರುಗಿ ನೋಡುವಂತಿಲ್ಲ, ಕೈ ಹಿಂದೆ ಚಾಚಿ ಮುಟ್ಟುವಂತಿಲ್ಲ, ಸರಿಯಾಗಿ ಕಟ್ಟಿದ್ದೀಯಾ ಎಂದು ಕೇಳುವಂತಿಲ್ಲ. ಕೇಳಿದರೆ ಮನೆಯವರನ್ನೇ ನಂಬದ ಹಾಗೆ.

"ಅಜ್ಜಿ, ಯಾಕೆ ನೋಡಬಾರದು?" ಎಂದು ಮಗಳು ಚಿಕ್ಕವಳಿದ್ದಾಗ ಕೇಳಿದ್ದಳು.

"ನೋಡಿದೋನಿಗೆ ಅನುಮಾನ ಬರುತ್ತೆ. ಅನುಮಾನ ಬಂದೋನ ಕಾಲು ನಡುಗುತ್ತೆ. ಕಾಲು ನಡುಗಿದೋನು ಮೆಟ್ಟಿಲಲ್ಲಿ ಇಳಿಯೋದು ಒಳ್ಳೇದು," ಎಂದಿದ್ದರು ಅತ್ತೆ.

ಆಶ್ಚರ್ಯವೆಂದರೆ ಎಲ್ಲ ಶಾಸ್ತ್ರಗಳಲ್ಲಿ ಮಗಳಿಗೆ ಪ್ರಾಣಕ್ಕಿಂತ ಪ್ರಿಯವಾದದ್ದು ಇದೇ. ಸ್ನೇಹಿತೆಯರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು, ನಮ್ಮ ಮನೇಲಿ ಜೀವಾನೇ ಒಬ್ಬರ ಕೈಗೊಬ್ಬರು ಕೊಡ್ತೀವಿ ಎಂದು. ನಾಲ್ಕು ತಿಂಗಳು ಅಜ್ಜಿ ಮೊಮ್ಮಗಳು ಮನೆಯ ಮೆಟ್ಟಿಲ ಕಂಬಿಗೆ ತೆಳು ಹಗ್ಗ ಹಾಕಿ ಅಭ್ಯಾಸ ಮಾಡಿದರು. ಅಡುಗೆಮನೆಯಲ್ಲಿ ನಿಂತ ನನಗೆ ಆ ಸದ್ದು ಕೇಳುತ್ತಿತ್ತು. ಒಂದು ಜಗ್ಗು, ಮತ್ತೊಂದು ಜಗ್ಗು, ಕಟ್ಟಾಯ್ತು. ಮತ್ತೆ ಮೊದಲಿನಿಂದ. ಪ್ರತಿ ಸಲ ಎರಡನೇ ಜಗ್ಗು ಬರುವ ತನಕ ನಾನು ಉಸಿರು ಬಿಡುತ್ತಿರಲಿಲ್ಲ.

ತಾರಸಿಯ ಮೇಲೆ ಕಟ್ಟಬೇಕಾದವಳು ನಾನು. ಅಜ್ಜಿಯ ಬೆರಳುಗಳಿಗೆ ದಪ್ಪ ಹಗ್ಗವನ್ನು ಬಿಗಿಯುವಷ್ಟು ಕಸುವು ಉಳಿದಿರಲಿಲ್ಲ.

ನನ್ನ ಭಯ ಏನೆಂದು ಹೇಳಿಬಿಡುತ್ತೇನೆ. ಗಂಡ ಬಿದ್ದ ದಿನ ಬೆಳಿಗ್ಗೆ ನಾನು ಬೀಗ ಹಾಕಿದೆನೋ ಇಲ್ಲವೋ ನನಗೆ ನೆನಪಿಲ್ಲ. ಎರಡು ಸುತ್ತು ಹಾಕಿ ಜಗ್ಗಿದ್ದು ನೆನಪಿದೆ. ಅಷ್ಟರಲ್ಲಿ ಕಟ್ಟಡದವನು ಕೆಳಗಿನಿಂದ ನೀರಿನ ನಲ್ಲಿಯ ವಿಷಯ ಏನೋ ಕೂಗಿದ, ನಾನು ಅವನಿಗೆ ಉತ್ತರ ಕೊಟ್ಟೆ. ಆಮೇಲೆ "ಕಟ್ಟಾಯ್ತು" ಎಂದೆ. ನಡುವೆ ನನ್ನ ಕೈ ಏನು ಮಾಡಿತು? ಸಾವಿರ ಸಲ ಮಾಡಿದ ಕೆಲಸ, ಕೈ ತಾನಾಗಿಯೇ ಮಾಡಿರುತ್ತದೆ ಎಂದು ಎಂಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೀಗ ಹಾಕಿದ ಗಂಟು ಬಿಚ್ಚುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಮನೆಯಲ್ಲಿ ಯಾರಾದರೂ ಹಗ್ಗ ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಈಗ ಅದೇ ಕೈಯಲ್ಲಿ ಮಗಳಿಗೆ ಕಟ್ಟಬೇಕು, ಅವಳು ತಿರುಗಿ ನೋಡುವುದಿಲ್ಲ. ನೋಡು ಎಂದು ಹೇಳಿದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದು ಹೇಳಿದರೆ ಅವಳಿಗೆ ಅಮ್ಮ ಎಂಬುವಳು ಉಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಇಳಿಯುವ ದಿನದ ಹಿಂದಿನ ಸಂಜೆ ಗಂಡ ಹಾಸಿಗೆಯ ಅಂಚಿನಲ್ಲಿ ಕೂತು ಹಗ್ಗಗಳನ್ನು ಪರೀಕ್ಷಿಸುತ್ತಿದ್ದರು. ಗೇಣು ಗೇಣಾಗಿ ಬೆರಳ ನಡುವೆ ಜಾರಿಸುತ್ತ, ಎಲ್ಲಾದರೂ ನಾರು ಎದ್ದಿದೆಯೇ ಎಂದು ನೋಡುವುದು ಅವರಿಗೆ ಉಳಿದ ಕೆಲಸ. ಮಗಳು ಅಂಗಡಿಗೆ ಹೋಗಿದ್ದಳು. ಅತ್ತೆ ಹೊರಗೆ ಬಟ್ಟೆ ಮಡಚುತ್ತಿದ್ದರು. ನಾನು ಬಾಗಿಲು ಮುಂದೆ ಮಾಡಿ ಗಂಡನೆದುರು ನೆಲದ ಮೇಲೆ ಕೂತೆ.

"ರೀ, ಅವತ್ತು ನಾನು ಬೀಗ ಹಾಕಿದ್ನೋ ಇಲ್ವೋ ನಂಗೆ ಗೊತ್ತಿಲ್ಲ," ಎಂದೆ.

ಎಂಟು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು ಒಂದೇ ಉಸಿರಿಗೆ ಹೊರಗೆ ಬಂತು. ಅವರ ಬೆರಳು ನಿಲ್ಲಲಿಲ್ಲ. ಇನ್ನೂ ಎರಡು ಗೇಣು ಹಗ್ಗ ಜಾರಿಸಿದ ಮೇಲೆ ಹೇಳಿದರು.

"ಹಾಕಿರಲಿಲ್ಲ."

"ನಿಮಗೆ ಯಾರು ಹೇಳಿದ್ರು? ಅತ್ತೆನಾ?"

"ಯಾರೂ ಹೇಳ್ಬೇಕಾಗಿಲ್ಲ. ನೀನು ಒಂದೇ ಸಲ ಜಗ್ಗಿದೆ. ಇನ್ನೊಂದಕ್ಕೆ ಕಾಯ್ತಾ ನಿಂತೆ. ಅಷ್ಟರಲ್ಲಿ ನೀನು ಕಟ್ಟಾಯ್ತು ಅಂದೆ."

"ಗೊತ್ತಿದ್ದೂ ಇಳಿದ್ರಾ?"

"ಏನು ಮಾಡ್ಬೇಕಿತ್ತು ಕಣೆ? ಪಕ್ಕದಲ್ಲೇ ಅಮ್ಮ ನಿಂತಿದ್ರು. ಇನ್ನೊಂದ್ಸಲ ನೋಡು ಅಂದಿದ್ರೆ ಅವರ ಮುಂದೆ ನಿನ್ನ ಮುಖ ಏನಾಗ್ತಿತ್ತು? ಹದಿನಾಲ್ಕು ವರ್ಷ ಒಂದು ದಿನಾನೂ ಕೇಳಿದೋನಲ್ಲ. ಹಲಗೆ ಗಟ್ಟಿ ಇದೆ, ಬೆನ್ನು ಹಗ್ಗಕ್ಕೆ ಕೆಲಸಾನೇ ಬರಲ್ಲ ಅಂದ್ಕೊಂಡೆ."

ಅಳು ಬರಬೇಕಿತ್ತು. ನನಗೆ ಬಂದದ್ದು ಸಿಟ್ಟು. ಕೋಲು ಕಿತ್ತುಕೊಂಡು ನಾಲ್ಕು ಬಾರಿಸಬೇಕು ಅನ್ನಿಸಿತು. "ನನ್ನ ಮುಖ ನೋಡ್ಕೊಂಡು ಸಾಯೋಕೆ ಹೊರಟ್ರಾ? ಮುಖ ಕೆಟ್ಟರೆ ತೊಳ್ಕೊಂಡ್ರೆ ಆಗ್ತಿತ್ತು. ಈ ಸೊಂಟ ತೊಳೆದ್ರೆ ಸರಿಯಾಗುತ್ತಾ?"

"ಬೀಳ್ತೀನಿ ಅಂತ ಗೊತ್ತಿರಲಿಲ್ಲ," ಎಂದರು ಮೆಲ್ಲಗೆ. ಅದು ನಿಜವೇ. ಬೀಳುತ್ತೇನೆ ಎಂದು ತಿಳಿದು ಯಾರೂ ಹಲಗೆಯ ಮೇಲೆ ಕೂರುವುದಿಲ್ಲ.

"ಹಾಗಾದ್ರೆ ಈಗ ಮಗಳಿಗೆ ಹೇಳಿ. ತಿರುಗಿ ನೋಡು ಅಂತ ನೀವೇ ಹೇಳಿ."

"ಯಾಕಪ್ಪ ಅಂದ್ರೆ ಏನು ಹೇಳ್ಲಿ? ನಿಮ್ಮಮ್ಮನ ಕೈಯಿಂದಲೇ ನಾನು ಬಿದ್ದೆ ಅಂತಾನಾ? ನಾಳೆ ಅದೇ ಅಮ್ಮ ಕಟ್ಟೋ ಹಗ್ಗದಲ್ಲಿ ಅವಳು ಇಳೀಬೇಕು." ಹಗ್ಗವನ್ನು ಸುತ್ತಿ ಪಕ್ಕಕ್ಕಿಟ್ಟರು. "ನೀನು ಹುಷಾರಾಗಿ ಕಟ್ಟು, ಸಾಕು."

ಹುಷಾರಾಗಿ ಕಟ್ಟಬಲ್ಲೆ. ನಾಳೆ ಕಟ್ಟಬಲ್ಲೆ, ನಾಡಿದ್ದು ಕಟ್ಟಬಲ್ಲೆ. ಸಾವಿರದ ಒಂದನೇ ಸಲ ಕೆಳಗಿನಿಂದ ಯಾರಾದರೂ ಕೂಗಿದರೆ? ಗಂಡ ಗಂಟನ್ನು ನೋಡದೆ ಇದ್ದದ್ದಲ್ಲ ನನ್ನನ್ನು ಹೆದರಿಸಿದ್ದು. ತಪ್ಪಿದೆ ಎಂದು ಮೈಗೆ ತಿಳಿದ ಮೇಲೂ ಬಾಯಿ ಬಿಡಲಿಲ್ಲವಲ್ಲ, ಅದು. ಮಗಳೂ ಹೀಗೇ ಮಾಡಿದರೆ?

ಊಟಕ್ಕೆ ಕೂತಾಗ ಏನೂ ಅಲ್ಲವೆಂಬಂತೆ ಕೇಳಿದೆ. "ನಾಳೆ ಗಂಟಲ್ಲಿ ಏನಾದ್ರೂ ಹೆಚ್ಚುಕಮ್ಮಿ ಅನ್ನಿಸಿದ್ರೆ ಹೇಳ್ತೀಯಲ್ವಾ?"

"ಹೇಳದೆ ಇರ್ತೀನಾ? ನಾನೇನು ಪೆದ್ದಿನಾ ಅಮ್ಮ?" ಎಂದು ಅವಳು ತಟ್ಟೆಯಿಂದ ತಲೆಯೆತ್ತದೆ ನಕ್ಕಳು. ಅತ್ತೆ ನನ್ನನ್ನೊಮ್ಮೆ ದಿಟ್ಟಿಸಿದರು. ಗಂಡ ನೀರು ಕುಡಿದರು.

ಎಂಟು ವರ್ಷದ ಹಿಂದೆ ಕೇಳಿದ್ದರೆ ನನ್ನ ಗಂಡನೂ ಇದೇ ಉತ್ತರ ಕೊಡುತ್ತಿದ್ದರು. ಕೇಳಿ ತಿಳಿಯುವ ವಿಷಯ ಇದಲ್ಲ ಎಂದು ಗೊತ್ತಾಯಿತು. ಆಗಲೇ ನನ್ನ ತಲೆಯೊಳಗೆ ಒಂದು ಕೆಟ್ಟ ಉಪಾಯ ಹೊಕ್ಕಿತು. ಹೆತ್ತ ತಾಯಿ ಮಾಡುವ ಕೆಲಸವಲ್ಲ ಅದು. ಬೇಡ ಬೇಡ ಎಂದುಕೊಂಡೇ ಮಲಗಿದೆ, ಮಾಡುತ್ತೇನೆ ಎಂದುಕೊಂಡು ಎದ್ದೆ.

ಬೆಳಿಗ್ಗೆ ಒಂಬತ್ತಕ್ಕೆ ತಾರಸಿಯ ಮೇಲಿದ್ದೆವು. ಮಗಳು, ಅತ್ತೆ, ನಾನು. ಕಟ್ಟಡದ ಉಸ್ತುವಾರಿಯವನು ಬಂದು ನಮ್ಮ ಕಾಗದ ನೋಡಿ ಸಹಿ ಹಾಕಿದ. ಅಂಚಿನ ಕಡೆ ಒಂದು ಹೆಜ್ಜೆಯನ್ನೂ ಇಡದೆ, "ಎಲ್ಲ ಗಟ್ಟಿ ಇದೆ ತಾನೇ?" ಎಂದು ದೂರದಿಂದಲೇ ಕೇಳಿ ಟೀ ಕುಡಿಯಲು ಹೋದ. ನೀರಿನ ತೊಟ್ಟಿಯ ನೆರಳು ಸಿಮೆಂಟಿನ ಮೇಲೆ ಬಿದ್ದಿತ್ತು. ಕೆಳಗೆ ರಸ್ತೆಯಲ್ಲಿ ವಾಹನಗಳ ಸದ್ದು, ಎದುರಿನ ಕಟ್ಟಡದ ಕಿಟಕಿಯಲ್ಲಿ ಯಾರೋ ಒಬ್ಬಳು ಫೋನಿನಲ್ಲಿ ಮಾತಾಡುತ್ತಿದ್ದಳು. ಕೊಕ್ಕೆಗಳನ್ನು ನಾನೇ ಜೋತುಬಿದ್ದು ನೋಡಿದೆ. ಹಲಗೆಯ ಹಗ್ಗಗಳನ್ನು ಕಂಬಕ್ಕೆ ಸುತ್ತಿದೆ, ಹಲಗೆಯನ್ನು ಅಂಚಿನಾಚೆ ಇಳಿಬಿಟ್ಟು ಸಮ ಮಾಡಿದೆ.

ಮಗಳು ಬೆಲ್ಟು ಬಿಗಿದುಕೊಂಡು ಬಂದು ನನ್ನ ಮುಂದೆ ಬೆನ್ನು ಮಾಡಿ ನಿಂತಳು. ಅಂಚಿನ ಗೋಡೆಗೂ ನಮಗೂ ನಡುವೆ ಏಳು ಹೆಜ್ಜೆ. ಮೊಣಕಾಲೆತ್ತರದ ಗೋಡೆ, ಅದರಾಚೆ ಹಲಗೆ. ಬಂದ ಕೂಡಲೇ ಅಳೆದು ಇಟ್ಟಿದ್ದೆ. ಮೂರನೇ ಹೆಜ್ಜೆಗೆ ಹಿಡಿಯುತ್ತೇನೆ ಎಂದು ಲೆಕ್ಕ ಹಾಕಿದ್ದೆ.

ಅವಳ ಕತ್ತಿನ ಹಿಂದೆ ಬೆವರು ಹನಿಗಟ್ಟಿತ್ತು. ಹುಟ್ಟಿದಾಗಿನಿಂದ ನೋಡಿದ ಕತ್ತು. ನಾನು ಉಂಗುರಕ್ಕೆ ಒಂದು ಸುತ್ತು ಹಾಕಿದೆ, ಎರಡನೇ ಸುತ್ತು ಹಾಕಿದೆ, ಜಗ್ಗಿದೆ. ಅವಳ ಸೊಂಟ ಒಂದಿಷ್ಟು ಹಿಂದಕ್ಕೆ ಬಂದು ಮತ್ತೆ ನೆಟ್ಟಗಾಯಿತು.

ತುದಿಯನ್ನು ಒಳಗೆ ತೂರಿಸಲಿಲ್ಲ.

"ಕಟ್ಟಾಯ್ತು," ಎಂದೆ.

ಅವಳು ಅಲ್ಲಾಡಲಿಲ್ಲ. ಎರಡನೇ ಜಗ್ಗಿಗೆ ಕಾಯುತ್ತಿದ್ದಾಳೆ ಎಂದು ಅವಳ ಹೆಗಲು ನೋಡಿದರೆ ತಿಳಿಯುತ್ತಿತ್ತು. ನಾಲ್ಕು ತಿಂಗಳು ಸಾವಿರ ಸಲ ಆ ಜಗ್ಗನ್ನು ಉಂಡ ಮೈ ಅದು. ಹೇಳು, ಹೇಳು ತಾಯಿ, ಅಮ್ಮ ನೀನು ಮರೆತೆ ಅನ್ನು ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಅವಳ ಬಲಗೈ ಬೆಲ್ಟಿನ ಪಕ್ಕಕ್ಕೆ ಬಂತು. ಬೆರಳುಗಳು ಬೆನ್ನ ಕಡೆ ಎರಡಂಗುಲ ಸರಿದವು. ಅಲ್ಲಿಗೆ ನಿಂತವು. ಆಮೇಲೆ ಕೈ ಕೆಳಗೆ ಇಳಿಯಿತು.

ಅವಳು ನಡೆದಳು.

ಒಂದು. ಎರಡು. ಮೂರು. ನನ್ನ ಕಾಲು ಎದ್ದುಬರಲಿಲ್ಲ. ಸಿಮೆಂಟಿನಲ್ಲಿ ಹೂತು ಹೋದವಳ ಹಾಗೆ ನಿಂತಿದ್ದೆ. ಕೂಗಲು ಬಾಯಿ ತೆರೆದರೆ ಗಾಳಿ ಬಂತು, ದನಿ ಬರಲಿಲ್ಲ. ಐದು. ಆರು. ಅವಳು ಬಗ್ಗಿ ಗೋಡೆಯ ಮೇಲೆ ಕೈಯೂರಿ ಒಂದು ಕಾಲನ್ನು ಆಚೆ ಹಾಕಿದಳು. ಆಗ ನನ್ನ ಮೈಗೆ ಜೀವ ಬಂತು. ಹೇಗೆ ಓಡಿದೆನೋ ತಿಳಿಯದು, ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದೆ. ಇಬ್ಬರೂ ತಾರಸಿಯ ಮೇಲೆ ಬಿದ್ದೆವು. ನನ್ನ ಮೊಣಕೈ ತರಚಿತು. ನನ್ನ ತೊಡೆಯ ಕೆಳಗೆ ಸಿಕ್ಕಿದ ಬೆನ್ನು ಹಗ್ಗ ಎಳೆದಷ್ಟಕ್ಕೇ ಉಂಗುರದಿಂದ ಸರಸರನೆ ಜಾರಿ ಪೂರ್ತಿ ಬಿಚ್ಚಿಕೊಂಡಿತು.

ಅವಳು ಎದ್ದು ಕೂತು ಬಿಚ್ಚಿದ ಹಗ್ಗವನ್ನು ನೋಡಿದಳು.

"ಗೊತ್ತಾಗ್ಲಿಲ್ವೇನೆ ನಿಂಗೆ?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಗೊತ್ತಾಯ್ತು."

"ಮತ್ತೆ ಯಾಕೆ ಹೋದೆ?"

"ನೀನು ಹೇಳಿದ್ಯಲ್ಲ ಅಮ್ಮ," ಎಂದಳು. ಆಮೇಲೆ ತನಗೇ ಅರ್ಥವಾಗದ್ದನ್ನು ಹುಡುಕುವವಳ ಹಾಗೆ, "ಮೊದಲನೇ ದಿನವೇ ನಿನ್ನ ಮೇಲೆ ಅನುಮಾನ ಪಡೋದಾ ಅನ್ನಿಸ್ತು. ಅಜ್ಜಿ ಬೇರೆ ನೋಡ್ತಿದ್ರು," ಎಂದಳು.

ನಾನು ಅತ್ತೆಯ ಕಡೆ ತಿರುಗಿದೆ. ಅವರು ನೀರಿನ ತೊಟ್ಟಿಗೆ ಒರಗಿ ನಿಂತಿದ್ದವರು ಮೆಲ್ಲಗೆ ಕುಸಿದು ಕೂತರು. ಅವರ ತುಟಿ ಬಿಳುಚಿತ್ತು.

"ಬೀಗ ಹಾಕಿರಲಿಲ್ಲ. ನಾನೂ ನೋಡ್ದೆ," ಎಂದರು.

"ನೋಡಿಯೂ ಸುಮ್ನಿದ್ರಾ ಅತ್ತೆ?"

"ಬಾಯಿ ಬರಲಿಲ್ಲ. ಅವತ್ತೂ ಬರಲಿಲ್ಲ." ಸೆರಗಿನಿಂದ ಬಾಯಿ ಒತ್ತಿಕೊಂಡರು. "ನಾನೇ ಮಾಡಿದ ಶಾಸ್ತ್ರ ಅಲ್ಲ ಕಣೆ ಇದು. ನಂಗೂ ಹೀಗೇ ಕಲಿಸಿದ್ರು."

"ಅವತ್ತು ಅಂದ್ರೆ ಯಾವತ್ತು?" ಎಂದು ಕೇಳಿದಳು ಮಗಳು.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಹೇಳಿದೆ. ನಲ್ಲಿಯ ವಿಷಯ ಕೂಗಿದವನನ್ನು ಹೇಳಿದೆ, ಒಂದೇ ಜಗ್ಗನ್ನು ಹೇಳಿದೆ, ಚೀಲ ಸೇರಿದ ಹಗ್ಗವನ್ನು ಹೇಳಿದೆ. ಅವಳ ಅಪ್ಪ ಎಲ್ಲ ತಿಳಿದೇ ಇಳಿದದ್ದನ್ನೂ ಹೇಳಿದೆ. ಈಗ ಬೇಕೆಂದೇ ಬೀಗ ಬಿಟ್ಟೆ ಎಂದೂ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ, ನನ್ನ ಕೈಗಳನ್ನು ನೋಡುತ್ತಿದ್ದಳು. ತಲೆ ಬಾಚಿದ, ಊಟ ಮಾಡಿಸಿದ ಕೈ. ಅವನ್ನು ಎಲ್ಲಿ ಬಚ್ಚಿಡಲಿ ಎಂದು ನನಗೆ ತಿಳಿಯಲಿಲ್ಲ.

"ನನ್ನ ಕಾಲು ಜಾರಿದ್ರೆ ಏನು ಮಾಡ್ತಿದ್ದೆ?" ಎಂದಳು.

"ಹಿಡೀತೀನಿ ಅಂದ್ಕೊಂಡಿದ್ದೆ. ಕಾಲು ಬರಲಿಲ್ಲ."

"ಅಂದ್ಕೊಂಡಿದ್ದೆ," ಎಂದು ಅವಳು ನನ್ನ ಮಾತನ್ನೇ ತಿರುಗಿ ಹೇಳಿದಳು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ತೊಟ್ಟಿಯ ನೆರಳು ಅತ್ತೆಯ ಕಾಲಿನಿಂದ ಸರಿದು ಹೋಯಿತು. ಮನೆಗೆ ಹೋಗೋಣ ಎನ್ನುತ್ತಾಳೆ, ಈ ಕಸುಬೇ ಬೇಡ ಎನ್ನುತ್ತಾಳೆ ಎಂದು ಕಾದೆ. ದೇವರೇ, ಹಾಗೇ ಅನ್ನಿಸು ಎಂದುಕೊಂಡೆ. ಅವಳು ಎದ್ದು ಬಕೆಟ್ಟಿನ ನೀರಿನಲ್ಲಿ ಮುಖ ತೊಳೆದಳು. ಬೆಲ್ಟನ್ನು ಸಡಿಲಿಸಿ ಸೊಂಟದ ಸುತ್ತ ತಿರುಗಿಸಿ ಉಂಗುರವನ್ನು ಹೊಟ್ಟೆಯ ಮುಂದಕ್ಕೆ ತಂದುಕೊಂಡಳು. ಮೂರು ತಲೆಮಾರಿನಲ್ಲಿ ಯಾರಿಗೂ ಹೊಳೆಯದ ಕೆಲಸ, ಅರೆ ನಿಮಿಷವೂ ಹಿಡಿಯಲಿಲ್ಲ.

ನಾನು ಹಗ್ಗ ಎತ್ತಿಕೊಡಲು ಕೈ ಚಾಚಿದೆ.

"ಮುಟ್ಬೇಡ," ಎಂದಳು. "ನೀವಿಬ್ರೂ ಹಲಗೆಯ ಹಗ್ಗ ನೋಡ್ಕೊಳ್ಳಿ. ಇದು ನಂದು."

ಎರಡು ಸುತ್ತು ಹಾಕಿದಳು, ಜಗ್ಗಿದಳು. ತುದಿ ತೂರಿಸಿ ಬೀಗ ಹಾಕಿ ಮತ್ತೆ ಜಗ್ಗಿದಳು. ಬಗ್ಗಿ ನೋಡಿದಳು. ಕಂಬದ ತನಕ ಹೋಗಿ ಆ ಕಡೆಯ ಗಂಟನ್ನು ಬೆರಳಿನಿಂದ ಒತ್ತಿ ನೋಡಿದಳು. ನಾನು ಸುತ್ತಿದ್ದ ಹಲಗೆಯ ಹಗ್ಗಗಳನ್ನೂ ಬಿಡಲಿಲ್ಲ, ಎರಡನ್ನೂ ಬಿಚ್ಚಿ ತಾನೇ ಮೊದಲಿನಿಂದ ಸುತ್ತಿದಳು. ನಾನು ಸರಿಯಾಗಿಯೇ ಸುತ್ತಿದ್ದೆ.

ಗೋಡೆಯ ಹತ್ತಿರ ಹೋದಾಗ ಅವಳ ಮೊಣಕಾಲು ನಡುಗುತ್ತಿದ್ದವು. ಪ್ಯಾಂಟಿನ ಬಟ್ಟೆ ಅದುರುವುದು ನನಗೆ ನಿಂತಲ್ಲಿಂದಲೇ ಕಾಣುತ್ತಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡರು. ಬೀರುವಿನ ಮೇಲೆ ಹೆದರದೆ ಕೂತ ಮಗು ಇವಳೇ, ಅವಳಿಗೆ ಹೆದರಿಕೆ ಕಲಿಸಿದವಳು ನಾನು. ನಡುಗುತ್ತಲೇ ಒಂದು ಕಾಲು ಆಚೆ ಹಾಕಿದಳು, ನಿಂತಳು, ಮತ್ತೊಮ್ಮೆ ಹೊಟ್ಟೆಯ ಮುಂದಿನ ಗಂಟನ್ನು ನೋಡಿದಳು, ಇನ್ನೊಂದು ಕಾಲನ್ನೂ ಹಾಕಿ ಹಲಗೆಯ ಮೇಲೆ ಕೂತಳು.

"ಬಿಡಿ," ಎಂದಳು. ಅಮ್ಮ ಎನ್ನಲಿಲ್ಲ.

ನಾನು ಹಗ್ಗ ಬಿಡತೊಡಗಿದೆ. ಅವಳ ತಲೆ ಗೋಡೆಯ ಕೆಳಗೆ ಮರೆಯಾಯಿತು. ನಾಲ್ಕು ಮೊಳ ಇಳಿದಿರಬೇಕು, "ನಿಲ್ಸಿ," ಎಂದು ಕೂಗಿದಳು. ನಾನು ಕಂಬಕ್ಕೆ ಇನ್ನೊಂದು ಸುತ್ತು ಹಾಕಿ, ಅತ್ತೆಯ ಕೈಗೆ ಹಗ್ಗ ಕೊಟ್ಟು ಅಂಚಿಗೆ ಹೋಗಿ ಇಣುಕಿದೆ. ಅವಳು ಏಳನೇ ಅಂತಸ್ತಿನ ಗಾಜಿನ ಮುಂದೆ ತಲೆ ತಗ್ಗಿಸಿ, ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಪರೀಕ್ಷಿಸುತ್ತಿದ್ದಳು. ಆಮೇಲೆ ಕತ್ತೆತ್ತಿ ನನ್ನನ್ನು ನೋಡಿದಳು. ಅದು ಮಗಳು ತಾಯಿಯನ್ನು ನೋಡುವ ನೋಟವಾಗಿರಲಿಲ್ಲ. ಮೇಲೆ ನಿಂತವಳು ಹಗ್ಗ ಬಿಟ್ಟು ಯಾಕೆ ಬಂದಳು ಎಂದು ಕೇಳುವ ನೋಟವಾಗಿತ್ತು.

ಸರಿಯಾಗಿಯೇ ಕೇಳಿದ್ದಳು. ನಾನು ಓಡಿ ಹೋಗಿ ಹಗ್ಗ ಹಿಡಿದೆ. ಅವಳು ಇನ್ನು ನನ್ನನ್ನು ನಂಬುವುದಿಲ್ಲ, ಅದರಿಂದಲೇ ಬದುಕುತ್ತಾಳೆ. ಆ ನೆಮ್ಮದಿಗೆ ನನಗೆ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಳ್ಳಲು ಹಗ್ಗದಿಂದ ಕೈ ತೆಗೆಯುವಂತಿರಲಿಲ್ಲ.